ತೋಟದ ಕೆರೆ: ಏರಿಯ ಹಿಂಬದಿಗೂ ಹೋಗಿ ನೋಡಿ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಖಾಸಗಿ ಕೆರೆಗಳಿಗೆ ಸಂಬಂಧಿಸಿದವು. ನಾನು ಸಣ್ಣ ನೀರಾವರಿ ಕೆಲಸಗಳಲ್ಲೇ ಇಂಜಿನಿಯರಾಗಿ ದುಡಿದು ನಿವೃತ್ತನಾದವನು. ಸರ್ಕಾರಿ ಕೆರೆಗಾದರೆ ಒಬ್ಬ ಸೆಕ್ಷನ್ ಆಫೀಸರ್ ಇರುತ್ತಾರೆ, ಒಬ್ಬ ನೀರುಗಂಟಿ ಇರುತ್ತಾನೆ, ಕಡತವೊಂದಿರುತ್ತದೆ. ತೋಟದ ಕೆರೆಗೆ ಮಾಲೀಕರೇ ಎಲ್ಲ. ಅವರೂ ನೋಡುವುದು ಒಳಗಡೆ ಎಷ್ಟು ನೀರು ನಿಂತಿದೆ ಎಂದು. ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ, ಅಂದರೆ ಏರಿಯನ್ನು ದಾಟಿ ಅದರ ಹಿಂಬದಿಗೆ ಹೋಗುವವರು ಅಪರೂಪ. ಕೆಡುಕು ಮೊದಲು ಕಾಣಿಸಿಕೊಳ್ಳುವುದು ಆ ಹಿಂಬದಿಯಲ್ಲೇ.

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕಿನಲ್ಲಿ ರೋಬಸ್ಟಾ ಕಾಫಿ ತೋಟ. ಮಾವನವರು 1980ರ ದಶಕದಲ್ಲಿ ಎರಡು ಗುಡ್ಡಗಳ ನಡುವೆ, ಗದ್ದೆ ಬಯಲಿನ ತಲೆಯಲ್ಲಿ ಏರಿ ಹಾಕಿಸಿ ಕೆರೆ ಮಾಡಿಸಿದ್ದರು. ಏರಿ ಹದಿನೆಂಟು ಅಡಿ ಎತ್ತರ ಇರಬಹುದು. ಅವರು ತೀರಿಕೊಂಡ ಮೇಲೆ ಉಸ್ತುವಾರಿ ನನ್ನದಾಗಿದೆ. ಏರಿಯ ಹಿಂಬದಿಯ ಬುಡದಲ್ಲಿ ಒಂದು ಕಡೆ ಯಾವಾಗಲೂ ಜೌಗು. 'ಅದು ಊಟೆ ನೀರಮ್ಮ, ಮೊದಲಿನಿಂದಲೂ ಇದೆ' ಎನ್ನುತ್ತಾರೆ ನಮ್ಮ ಹಳೆಯ ಮೇಸ್ತ್ರಿ. ಆದರೆ ಈ ಜುಲೈ ಮಳೆಯಲ್ಲಿ ಅಲ್ಲಿಂದ ನೀರು ಕೆಂಪಗೆ ಬಂದದ್ದನ್ನು ಕಂಡೆ. ಏರಿಯ ಮೇಲೆ ದೊಡ್ಡ ಸಿಲ್ವರ್ ಓಕ್ ಮರಗಳಿವೆ. ಕೆಳಗೆ ನಮ್ಮ ಲೈನ್ ಮನೆಗಳಿವೆ, ತೋಟದ ಕೆಲಸಗಾರರು ಇರುವುದು ಅಲ್ಲೇ. ಹೆದರಬೇಕೇ?

ಉತ್ತರ: ಎಚ್ಚರ ವಹಿಸಲೇಬೇಕು ತಾಯಿ. ಈ ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ನಿಮಗೆ ಆಗಲೇ ಬೇರೆಯಾಗಿ ಬರೆದಿದ್ದೇನೆ. ಉಳಿದವರಿಗೂ ಬೇಕಾದೀತೆಂದು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮಣ್ಣಿನ ಏರಿ ಎಂದ ಮೇಲೆ ನೀರು ಸ್ವಲ್ಪ ಒಸರುತ್ತದೆ. ಒಸರದ ಮಣ್ಣಿನ ಏರಿಯನ್ನು ನಾನು ಕಂಡಿಲ್ಲ. ಮೇಸ್ತ್ರಿ ಹೇಳುವಂತೆ ವರ್ಷಗಟ್ಟಲೆಯಿಂದ ಒಂದೇ ಜಾಗದಲ್ಲಿ, ಒಂದೇ ಪ್ರಮಾಣದಲ್ಲಿ ತಿಳಿನೀರು ಬರುತ್ತಿದ್ದರೆ ಅದರ ಜೊತೆ ಬದುಕಬಹುದು. ನೀರು ಕೆಂಪಾಯಿತು ಎಂದಿರಲ್ಲ, ಆ ಕೆಂಪು ಎಲ್ಲಿಂದ ಬಂತು ಎನ್ನುವುದೇ ಈಗಿನ ಪ್ರಶ್ನೆ. ಮಳೆಗೆ ಏರಿಯ ಮೈಮೇಲಿನ ಮಣ್ಣು ತೊಳೆದು ಬಂದಿದ್ದರೆ ಚಿಂತೆಯಿಲ್ಲ. ಏರಿಯ ಹೊಟ್ಟೆಯೊಳಗಿನ ಮಣ್ಣು ನೀರಿನ ಜೊತೆ ಹೊರಟಿದ್ದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ಈ ಕೊರೆತ ಶುರುವಾಗುವುದು ಹಿಂಬದಿಯಿಂದ. ನೀರು ಹೊರಬೀಳುವ ಬಾಯಲ್ಲಿ ಮೊದಲು ಒಂದಿಷ್ಟು ಮಣ್ಣು ಹೋಗುತ್ತದೆ. ಆ ಸಂದಿನಿಂದ ಇನ್ನಷ್ಟು ನೀರು ನುಗ್ಗುತ್ತದೆ, ಇನ್ನಷ್ಟು ಮಣ್ಣನ್ನು ಎಳೆಯುತ್ತದೆ. ಹೀಗೆ ಸುರಂಗ ಕೆರೆಯ ಕಡೆಗೆ ಹಿಂದಕ್ಕೆ ಬೆಳೆಯುತ್ತಾ ಹೋಗುತ್ತದೆ. ಅದು ಕೆರೆಯ ನೀರನ್ನು ಮುಟ್ಟಿದ ಮೇಲೆ ನಿಮಗೆ ಸಿಗುವ ಸಮಯ ಗಂಟೆಗಳ ಲೆಕ್ಕದ್ದು, ಕೆಲವೊಮ್ಮೆ ಅದೂ ಇಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಹೇಳಿದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲೊಂದು.

ಈಗ ನೀವು ಮಾಡಬೇಕಾದ್ದು. ಮೊದಲು ಜೌಗಿನ ಜಾಗದ ಕಳೆಯನ್ನೆಲ್ಲ ಸವರಿಸಿ. ಮೇಲಿನಿಂದ ಹರಿದುಬರುವ ಮಳೆನೀರು ಅಲ್ಲಿಗೆ ಬೀಳದಂತೆ ಪಕ್ಕಕ್ಕೆ ಚಿಕ್ಕ ಚರಂಡಿ ತೋಡಿಸಿ. ಒಸರುವ ನೀರನ್ನೆಲ್ಲ ಒಂದು ತೋಡಿಗೆ ಸೇರಿಸಿ ಅದರ ಬಾಯಿಗೆ ಪಿವಿಸಿ ಪೈಪಿನ ತುಂಡು ಕೂರಿಸಿ. ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಅಳೆದು ಬರೆದಿಡಿ. ಅದೇ ದಿನ ಕೆರೆಯಲ್ಲಿ ನೀರು ಎಷ್ಟು ಎತ್ತರಕ್ಕಿತ್ತು, ಮಳೆ ಎಷ್ಟು ಬಿತ್ತು ಎಂಬುದೂ ಪಕ್ಕದಲ್ಲಿರಲಿ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆಯುವ ಪುಸ್ತಕ ಹೇಗೂ ಇರುತ್ತದೆ, ಇನ್ನೆರಡು ಕಾಲಂ ಗೆರೆ ಎಳೆದರಾಯಿತು. ಕೆರೆಯ ಮಟ್ಟ ಏರಿದಾಗ ಒಸರು ಏರುವುದು ಸಹಜ. ಮಟ್ಟ ಅಷ್ಟೇ ಇದ್ದೂ ಬಕೆಟ್ ಬೇಗ ತುಂಬತೊಡಗಿದರೆ ಒಳಗೆ ದಾರಿ ಅಗಲವಾಗುತ್ತಿದೆ. ಒಸರು ಇದ್ದಕ್ಕಿದ್ದಂತೆ ನಿಂತುಹೋದರೂ ನೆಮ್ಮದಿಪಡಬೇಡಿ. ನೀರು ಬೇರೆಲ್ಲೋ ದಾರಿ ಹುಡುಕಿಕೊಂಡಿರಬಹುದು. ಸುತ್ತ ಹುಡುಕಿ ನೋಡಿ.

ಜೊತೆಗೆ ವಾರಕ್ಕೊಮ್ಮೆ ಆ ನೀರನ್ನು ಬಿಳಿ ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮಣ್ಣು ಕೂತಿದ್ದರೆ ಅದು ನಿಮ್ಮ ಏರಿಯ ಮಣ್ಣು. ಮಳೆಯಿಲ್ಲದ ದಿನದ ಬಾಟಲಿಯಲ್ಲೂ ಮಣ್ಣು ಕಂಡರೆ ಇನ್ನು ಅನುಮಾನ ಬೇಡ. ಬುಡದ ಸುತ್ತಮುತ್ತ ನೆಲವನ್ನೂ ಗಮನಿಸಿ. ನೀರು ಬುಗ್ಗೆಯಂತೆ ಉಕ್ಕುತ್ತಾ ಬಾಯಿಯ ಸುತ್ತ ಇರುವೆ ಗೂಡಿನ ಹಾಗೆ ಸಣ್ಣ ಮರಳಿನ ದಿಬ್ಬ ಕಟ್ಟಿದ್ದರೆ ಅದು ಕೆಟ್ಟ ಸೂಚನೆ.

ಅಂಥದ್ದು ಕಂಡಾಗ ಎಲ್ಲರೂ ಮೊದಲು ಮಾಡುವ ಕೆಲಸ ಜೇಡಿಮಣ್ಣು ತಂದು ಆ ಬಾಯಿಗೆ ಮೆತ್ತುವುದು, ಇಲ್ಲವೇ ಸಿಮೆಂಟ್ ಹಾಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಹಿಂಬದಿಯಲ್ಲಿ ನೀರನ್ನು ಅಡ್ಡಗಟ್ಟಿದರೆ ಒತ್ತಡ ಏರಿಯೊಳಗೇ ಕೂಡಿಕೊಂಡು ಇನ್ನೊಂದು ಕಡೆ ಒಡೆಯುತ್ತದೆ. ನೀರು ಹೋಗಲಿ, ಮಣ್ಣು ಮಾತ್ರ ಹೋಗಬಾರದು. ಅದಕ್ಕೆ ಜೌಗಿನ ಜಾಗದ ಮೇಲೆ ಮೊದಲು ತೊಳೆದ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ, ಕೊನೆಗೆ ಭಾರಕ್ಕೆ ಕಾಡುಕಲ್ಲು, ಪ್ರತಿಯೊಂದನ್ನೂ ಅರ್ಧ ಅಡಿಗೆ ಕಡಿಮೆಯಾಗದಂತೆ ಹರಡಿಸಿ. ಜೌಗಿನ ಅಂಚಿನಿಂದ ಆಚೆಗೂ ಒಂದೆರಡು ಗಜ ಹೋಗಬೇಕು. ಮಳೆಗಾಲಕ್ಕೆ ಮೊದಲೇ ಒಂದು ಲೋಡ್ ಮರಳು, ಒಂದು ಲೋಡ್ ಜಲ್ಲಿ ಏರಿಯ ಬಳಿಯೇ ರಾಶಿ ಹಾಕಿ ಟಾರ್ಪಾಲ್ ಮುಚ್ಚಿಡಿಸಿ. ಜುಲೈ ನಡುರಾತ್ರಿಯಲ್ಲಿ ಮರಳಿನ ಲಾರಿ ನಿಮ್ಮ ತೋಟದ ರಸ್ತೆ ಹತ್ತುವುದಿಲ್ಲ.

ಇದೆಲ್ಲ ತಾತ್ಕಾಲಿಕ. ನಿಜವಾದ ದುರಸ್ತಿ ಬೇಸಿಗೆಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ ಬದಲು ಸ್ಪ್ರಿಂಕ್ಲರ್ ಓಡಿಸಿ ಕೆರೆ ತಳ ಕಂಡ ಮೇಲೆ, ಮಣ್ಣು ಬಲ್ಲ ಇಂಜಿನಿಯರೊಬ್ಬರನ್ನು ಕರೆಸಿ ಅವರೆದುರಿಗೆ ಆಗಬೇಕು. ಅಲ್ಲಿಯವರೆಗೆ ಮಟ್ಟವನ್ನು ನಾಲ್ಕೈದು ಅಡಿ ತಗ್ಗಿಸಿಟ್ಟುಕೊಳ್ಳಿ. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು ಎಂಬ ಲೆಕ್ಕ ನನಗೂ ಗೊತ್ತು, ಫೆಬ್ರವರಿಯಲ್ಲಿ ಆ ನಾಲ್ಕು ಅಡಿಯ ಬೆಲೆ ಏನೆಂದೂ ಗೊತ್ತು. ಆದರೂ ಹೇಳುತ್ತೇನೆ, ಕೆಳಗೆ ಲೈನ್ ಮನೆಗಳಿರುವ ಕೆರೆ ನಿಮ್ಮದು. ಕೆನ್ಯಾದ ಸೋಲೈ ಎಂಬಲ್ಲಿ ಗುಲಾಬಿ ತೋಟದವರ ಖಾಸಗಿ ಕೆರೆಯ ಏರಿ 2018ರ ಮೇ 9ರ ರಾತ್ರಿ ಒಡೆದು ಕೆಳಗಿನ ಹಳ್ಳಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಆ ರಾತ್ರಿಯೂ ಜೋರು ಮಳೆಯಿತ್ತು. ಲೈನಿನಲ್ಲಿ ಯಾರು ಯಾರು ಮಲಗುತ್ತಾರೆ, ಅವರ ಫೋನ್ ನಂಬರ್ ಏನು, ರಾತ್ರಿ ಎಬ್ಬಿಸಿದರೆ ಯಾವ ದಾರಿಯಿಂದ ಯಾವ ದಿಬ್ಬಕ್ಕೆ ಹತ್ತಬೇಕು ಎಂಬುದನ್ನು ಈ ವಾರವೇ ಗೊತ್ತುಮಾಡಿ. ಅವರನ್ನೂ ಕರೆದುಕೊಂಡು ಆ ದಾರಿಯಲ್ಲಿ ಒಮ್ಮೆ ನಡೆಯಿರಿ. ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕುಟುಂಬಗಳಾದರೆ ಅವರ ಭಾಷೆಯಲ್ಲಿ ತಿಳಿಸುವವರೊಬ್ಬರು ಜೊತೆಗಿರಲಿ. ಮಳೆ ಬಿಡದೆ ಹೊಡೆಯುವ ದಿನಗಳಲ್ಲಿ ಅವರನ್ನು ಡ್ರೈಯಿಂಗ್ ಯಾರ್ಡಿನ ಪಕ್ಕದ ಗೋದಾಮಿಗೆ ಕರೆತಂದು ಮಲಗಿಸಿದರೆ ಇನ್ನೂ ಒಳ್ಳೆಯದು.

ಮರಗಳ ವಿಷಯ. ಏರಿಯ ಮೇಲೆ ಮರ ಇರಬಾರದು. ಬೇರು ನೀರಿಗೆ ದಾರಿ ಮಾಡುತ್ತದೆ. ಗಾಳಿಗೆ ಸಿಲ್ವರ್ ಓಕ್ ಬುಡಸಮೇತ ಉರುಳಿದರೆ ಏರಿಯ ಅರ್ಧ ಅಗಲವನ್ನೇ ಕಿತ್ತುಕೊಂಡು ಹೋಗುತ್ತದೆ. ಹಾಗೆಂದು ಕೆರೆ ತುಂಬಿರುವಾಗ ಗರಗಸ ಹಿಡಿಯಬೇಡಿ. ಕಡಿದು ಬಿಟ್ಟರೆ ಬೇರು ಕೊಳೆತು ಟೊಳ್ಳು ಕೊಳವೆಯಾಗುತ್ತದೆ, ಅದು ಇನ್ನೂ ಅಪಾಯ. ಈಗ ರೆಂಬೆ ಸವರಿ ಗಾಳಿಯ ಹೊಡೆತ ತಗ್ಗಿಸಿ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಮರ ಕಡಿದು, ದಪ್ಪ ಬೇರುಗಳನ್ನು ಬುಡಸಮೇತ ಅಗೆದು ತೆಗೆದು, ಗುಂಡಿಯನ್ನು ಅರ್ಧರ್ಧ ಅಡಿ ಪದರದಲ್ಲಿ ತೇವದ ಮಣ್ಣು ಹಾಕಿ ದಮ್ಮಸು ಮಾಡಿಸಿ, ಅಂದರೆ ಗುದ್ದಿ ಗಟ್ಟಿಮಾಡಿಸಿ, ಮುಚ್ಚಬೇಕು. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಅಂಟಬಾರದು. ಅದು ಸರಿಯಾದ ತೇವ. ಕೊನೆಗೆ ಗರಿಕೆಯನ್ನೋ ಲಾವಂಚವನ್ನೋ ನೆಡಿಸಿ.

ಪ್ರಶ್ನೆ: ಸಕಲೇಶಪುರದ ಕಡೆಯವನು ಸರ್. ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾದ ಮೇಲೆ ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಮರಳಿನ ಚೀಲ ಅಡ್ಡ ಇಟ್ಟು ಒಂದೂವರೆ ಅಡಿ ಹೆಚ್ಚು ನೀರು ನಿಲ್ಲಿಸುತ್ತೇವೆ. ಅಕ್ಕಪಕ್ಕದ ತೋಟದವರೂ ಹಾಗೇ ಮಾಡುತ್ತಾರೆ. ತಪ್ಪೇ?

ಉತ್ತರ: ತಪ್ಪು. ಲೆಕ್ಕ ನೀವೇ ಹಾಕಿ ನೋಡಿ. ಒಂದು ಎಕರೆಯ ಮೇಲೆ ಗಂಟೆಗೆ ಒಂದು ಅಂಗುಲ ಮಳೆ ಬಿದ್ದು ಪೂರ್ತಿ ಹರಿದುಬಂದರೆ ಅದು ಹೆಚ್ಚುಕಡಿಮೆ 1 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ನಿಮ್ಮ ಕೆರೆಗೆ ನೀರು ಇಳಿಯುವ ಗುಡ್ಡ 40 ಎಕರೆ ಎಂದಿಟ್ಟುಕೊಳ್ಳಿ. ನೆಲ ನೀರು ಕುಡಿದು ತಣಿದಿರುವಾಗ ಗಂಟೆಗೆ ಮೂರು ಅಂಗುಲದ ವೇಗದಲ್ಲಿ ಮಳೆ ಅಪ್ಪಳಿಸಿದರೆ 120 ಕ್ಯೂಸೆಕ್ ಬರುತ್ತದೆ. ಹದಿನಾಲ್ಕು ಅಡಿ ಅಗಲದ ಕೋಡಿಯಲ್ಲಿ ಎರಡು ಅಡಿ ಆಳಕ್ಕೆ ಹರಿದರೆ ಅಷ್ಟು ನೀರು ಸಾಗಿಹೋಗುತ್ತದೆ. ಏರಿಯ ನೆತ್ತಿ ಕೋಡಿಯ ಮಟ್ಟಕ್ಕಿಂತ ಮೂರು ಅಡಿ ಮೇಲಿದ್ದರೆ ಒಂದು ಅಡಿ ಉಳಿಯಿತು, ಸರಿ. ಈಗ ಚೀಲ ಇಟ್ಟು ಒಂದೂವರೆ ಅಡಿ ಏರಿಸಿದಿರಿ. ಅದೇ ನೀರಿಗೆ ಚೀಲದ ಮೇಲೆ ಮತ್ತೆ ಎರಡು ಅಡಿ ಬೇಕು. ಒಟ್ಟು ಮೂರೂವರೆ ಅಡಿಯಾಯಿತು. ಇರುವುದು ಮೂರು. ಏರಿಯ ನೆತ್ತಿಯ ಮೇಲೆ ಅರ್ಧ ಅಡಿ ನೀರು ಹರಿದು ಹಿಂಬದಿಗೆ ಬೀಳುತ್ತದೆ. ಮಣ್ಣಿನ ಏರಿ ಅದನ್ನು ಬಹಳ ಹೊತ್ತು ತಡೆಯುವುದಿಲ್ಲ.

ಇನ್ನೊಂದು ಸಂಗತಿ ಅನೇಕರಿಗೆ ಹೊಳೆಯುವುದಿಲ್ಲ. ಕೋಡಿಯಲ್ಲಿ ಹರಿಯುವ ಆಳ ಅರ್ಧವಾದರೆ ಹೋಗುವ ನೀರು ಅರ್ಧಕ್ಕೆ ಇಳಿಯುವುದಿಲ್ಲ, ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಕೋಡಿಯಲ್ಲಿ ಬೆಳೆದ ಪೊದೆ, ಅಡ್ಡಬಿದ್ದ ಮರದ ದಿಮ್ಮಿ, ಮೀನು ಹೋಗದಂತೆ ಕಟ್ಟಿದ ಬಲೆ ಇವೆಲ್ಲ ನೀವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಕೆಡುಕು ಮಾಡುತ್ತವೆ. ಬಲೆಗೆ ತರಗೆಲೆ ಸಿಕ್ಕಿಕೊಂಡರೆ ಅದು ಗೋಡೆಯೇ.

'ಸೆಪ್ಟೆಂಬರ್ ಮೇಲೆ ಮಳೆ ಎಲ್ಲಿ' ಎನ್ನಬಹುದು. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ನಿಮ್ಮಲ್ಲಿ ಒಂದೇ ಸಂಜೆಗೆ ಎಷ್ಟು ಸುರಿಯುತ್ತದೆ ಎಂಬುದನ್ನು ಕಾಫಿ ಕಣದಲ್ಲಿ ಒಣಹಾಕಿದವರು ಬಲ್ಲರು. ಹವಾಯಿ ದ್ವೀಪಗಳಲ್ಲಿ ಕಾ ಲೋಕೊ ಎಂಬ ಕೆರೆಯಿತ್ತು. 1890ರ ಸುಮಾರಿಗೆ ಕಬ್ಬಿಗೆಂದು ಕಟ್ಟಿದ್ದು, ಖಾಸಗಿ ಒಡೆತನದ್ದು. ವಾರಗಟ್ಟಲೆ ಮಳೆ ಹಿಡಿದು 2006ರ ಮಾರ್ಚ್ 14ರಂದು ಅದರ ಏರಿ ಒಡೆದು ಏಳು ಜನ ಸತ್ತರು. ತನಿಖೆ ಮಾಡಿದವರು ಕೋಡಿ ಎಲ್ಲಿ ಎಂದು ಹುಡುಕಿದರೆ ಅದು ಮಣ್ಣು ತುಂಬಿ ಮುಚ್ಚಿಹೋಗಿತ್ತು. ಹೆಚ್ಚು ನೀರು ಬೇಕಿದ್ದರೆ ಹೂಳು ತೆಗೆಸಿ. ಇಲ್ಲವೇ ಏರಿಯನ್ನೂ ಕೋಡಿಯನ್ನೂ ಒಟ್ಟಿಗೆ, ಬುಡದ ಅಗಲವನ್ನೂ ಹೆಚ್ಚಿಸಿ, ವಿನ್ಯಾಸ ಮಾಡಿಸಿ ಏರಿಸಿ. ಚೀಲಗಳನ್ನು ನಾಳೆಯೇ ತೆಗೆಸಿ. ನಿಮ್ಮದಕ್ಕಿಂತ ಮೇಲಿನ ತೋಟದ ಕೆರೆಯಲ್ಲೂ ಚೀಲವಿದ್ದರೆ ಅವರಿಗೂ ಹೇಳಿ. ಆ ಕೆರೆ ಒಡೆದರೆ ನಿಮ್ಮದೂ ಉಳಿಯದು.

ಪ್ರಶ್ನೆ: ಮೂಡಿಗೆರೆ. ಕೆರೆಯಿಂದ ಕೆಳಗಿನ ಅಡಿಕೆಗೆ ನೀರು ಬಿಡಲು ಜೆಸಿಬಿಯಲ್ಲಿ ಏರಿ ಕಡಿದು ಆರಂಗುಲದ ಪಿವಿಸಿ ಪೈಪ್ ಹಾಕಿ ಮುಚ್ಚಿಕೊಡುತ್ತೇನೆ, ಒಂದೇ ದಿನದ ಕೆಲಸ ಎಂದು ಒಬ್ಬರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ನುಣುಪಾದ ಪೈಪಿನ ಹೊರಮೈಗೂ ಸಡಿಲ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ನೀರು ಅದನ್ನೇ ಹಿಡಿದು ಸಾಗುತ್ತದೆ. ಪೈಪಿನ ಕೆಳಮೈಗೆ ದಮ್ಮಸು ತಲುಪುವುದೇ ಕಷ್ಟ. ಒಂದೇ ದಿನದಲ್ಲಿ ಕಡಿದು ಮುಚ್ಚಿದ ಏರಿ ಮೊದಲ ಮಳೆಗಾಲದಲ್ಲೇ ಅಲ್ಲಿ ಕುಸಿಯುತ್ತದೆ. ಜೆಸಿಬಿ ಹತ್ತಾರು ಸಲ ಓಡಾಡಿದರೆ ಮಣ್ಣು ಕೂತಂತೆ ಕಾಣುತ್ತದೆ, ಆದರೆ ಅದು ಕೂತಿರುವುದು ಮೇಲಿನ ಒಂದು ಗೇಣು ಮಾತ್ರ.

ನಿಮಗೆ ಬೇಕಿರುವುದು ಸೈಫನ್, ಅಂದರೆ ಒಮ್ಮೆ ನೀರು ತುಂಬಿಸಿದರೆ ಏರಿಯ ಮೇಲಿಂದ ತಾನಾಗಿಯೇ ನೀರು ಎಳೆದು ಕೆಳಗೆ ಹರಿಸುವ ಪೈಪ್. ಏರಿಯನ್ನು ಕಡಿಯದೆ ನೆತ್ತಿಯ ಮೇಲಿಂದ ಪೈಪ್ ಹಾಯಿಸಿ, ಎರಡು ತುದಿಗೂ ವಾಲ್ವ್ ಕೂರಿಸಿ, ನೆತ್ತಿಯಲ್ಲಿ ನೀರು ತುಂಬುವ ಬಾಯಿ ಇಟ್ಟರೆ ಸಾಕು. ಗಾಳಿ ಎಳೆಯದಂತೆ ಜೋಡಣೆಗಳು ಬಿಗಿಯಾಗಿರಬೇಕು, ಪೈಪ್ ಒಳಗಿನ ಎಳೆತಕ್ಕೆ ಚಪ್ಪಟೆಯಾಗದಷ್ಟು ದಪ್ಪದ್ದಿರಬೇಕು. ನೆತ್ತಿ ಕೆರೆಯ ನೀರಿನ ಮಟ್ಟಕ್ಕಿಂತ ಹದಿನೈದು ಅಡಿಯೊಳಗೆ ಇದ್ದರೆ ಚೆನ್ನಾಗಿ ಎಳೆಯುತ್ತದೆ. ತುರ್ತಿನಲ್ಲಿ ಕೆರೆ ಇಳಿಸಲೂ ಅದೇ ಪೈಪ್ ಒದಗುತ್ತದೆ. ಕೆರೆಯಿಂದ ನೀರು ಬಿಡುವ ಹಳೆಯ ಕಲ್ಲಿನ ತೂಬು ಇರುವವರು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಎತ್ತಿ ಇಳಿಸಿ ನೋಡಿ. ಬೇಕಾದಾಗ ಏಳದ ತೂಬು ಇದ್ದೂ ಇಲ್ಲದಂತೆ.

ಪ್ರಶ್ನೆ: ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ. ಏರಿಯಲ್ಲಿ ಏಡಿ ಬಿಲಗಳು ಬಹಳ. ಹೆಗ್ಗಣವೂ ಇದೆ. ಏಡಿಯಿಂದ ಏರಿ ಒಡೆಯುವುದುಂಟೇ?

ಉತ್ತರ: ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಊರಿನವರು ಕೊಚ್ಚಿಹೋದಾಗ ಆಗಿನ ಸಚಿವರೊಬ್ಬರು ಏಡಿಗಳೇ ಕಾರಣ ಎಂದಿದ್ದರು. ಸೋರಿಕೆಯ ಬಗ್ಗೆ ಮೊದಲೇ ದೂರು ಕೊಟ್ಟಿದ್ದೆವು ಎಂದು ಊರಿನವರು ಹೇಳಿದರು. ನನ್ನ ಅಭಿಪ್ರಾಯ ಊರಿನವರ ಕಡೆಗೇ. ಬಿಲ ಏರಿಯನ್ನು ದುರ್ಬಲ ಮಾಡುವುದು ನಿಜ. ಆದರೆ ಬಿಲವನ್ನು ಹುಡುಕಿ ಮುಚ್ಚುವುದು ಏರಿಯ ಒಡೆಯನ ಕೆಲಸ, ಏಡಿಗೆ ಆ ಜವಾಬ್ದಾರಿ ಇಲ್ಲ. ಮೇ ತಿಂಗಳಲ್ಲಿ ಏರಿಯ ಎರಡೂ ಮೈಯ ಹುಲ್ಲನ್ನು ಮೊಣಕಾಲಿಗಿಂತ ಕೆಳಕ್ಕೆ ಸವರಿಸಿ, ಆಗ ಬಾಯಿಗಳೆಲ್ಲ ಕಾಣುತ್ತವೆ. ಆಳ ಕಡಿಮೆಯಿದ್ದರೆ ಕೊನೆಯವರೆಗೆ ಅಗೆದು ಪದರಪದರವಾಗಿ ದಮ್ಮಸು ಮಾಡಿ ಮುಚ್ಚಿ. ಉದ್ದವಾಗಿ ಒಳಹೋಗಿದ್ದರೆ ಜೇಡಿಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ತೆಳ್ಳಗೆ ಕಲಸಿ ಪೈಪಿನಿಂದ ಒಳಗೆ ಇಳಿಯುವಷ್ಟೂ ಇಳಿಸಿ. ನೀರು ಒಸರುವ ಬಾಯಿಗೆ ಮಾತ್ರ ಇದನ್ನು ಮಾಡಬಾರದು, ಕಾರಣ ಮೇಲೆ ಹೇಳಿದ್ದೇನೆ. ಗೆದ್ದಲ ಹುತ್ತಕ್ಕೂ ಇದೇ ಕ್ರಮ. ಏಡಿಗೆಂದು ವಿಷ ಹಾಕಬೇಡಿ, ಅದೇ ನೀರು ಕೆಳಗಿನವರ ಬಾವಿಗೂ ಹೋಗುತ್ತದೆ.

ಪ್ರಶ್ನೆ: ಹೂಳು ತೆಗೆಸುವಾಗ ಏನು ಎಚ್ಚರ? (ಕೊಪ್ಪ)

ಉತ್ತರ: ಎರಡೇ ಮಾತು. ಕೆರೆಯನ್ನು ಒಂದೇ ಸಲಕ್ಕೆ ಬರಿದು ಮಾಡಬೇಡಿ. ಒಳಮೈಯ ಮಣ್ಣು ನೆನೆದು ಭಾರವಾಗಿರುವಾಗ ಎದುರಿನ ನೀರಿನ ಆಸರೆ ಥಟ್ಟನೆ ತಪ್ಪಿದರೆ ಜಾರಿ ಬೀಳುತ್ತದೆ. ತುರ್ತು ಇಲ್ಲದಾಗ ದಿನಕ್ಕೆ ಒಂದು ಅಡಿಯೊಳಗೆ ಇಳಿಸಿ. ಎರಡನೆಯದು, ಒಳಗಡೆ ಏರಿಯ ಬುಡದಿಂದ ಏರಿಯ ಎತ್ತರದ ಎರಡರಷ್ಟು ದೂರದವರೆಗೆ ಜೆಸಿಬಿಯ ಬಕೆಟ್ ಹಾಕಿಸಬೇಡಿ. ಅಲ್ಲಿನ ಹೂಳು ಏರಿಯ ಕಾಲಿಗೆ ಆಧಾರವಾಗಿಯೂ ಅಡಿಯಿಂದ ನೀರು ಸೋರದಂತೆ ಮುಚ್ಚಳವಾಗಿಯೂ ಕೂತಿರುತ್ತದೆ.

ಪ್ರಶ್ನೆ: ನಾನು ಕೆರೆ ಒಡೆಯನಲ್ಲ, ಕೆಳಗಿನ ಗದ್ದೆಯವನು. ಮೇಲಿನ ತೋಟದವರ ಏರಿ ಬಿರುಕು ಬಿಟ್ಟಿದೆ. ಹೇಳಿದರೆ 'ನಮ್ಮ ಜಾಗ, ನಮ್ಮ ಕೆರೆ' ಎನ್ನುತ್ತಾರೆ. ಕಾನೂನು ಏನಾದರೂ ಇದೆಯೇ? (ಸೋಮವಾರಪೇಟೆ ತಾಲ್ಲೂಕು)

ಉತ್ತರ: 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನ ನಡುವಿನವು ಉದ್ದ, ಸಂಗ್ರಹ ಮುಂತಾದ ಷರತ್ತುಗಳಿಗೆ ಹೊಂದಿದರೆ ಅದರೊಳಗೆ ಬರುತ್ತವೆ. ತೋಟದ ಕೆರೆಗಳು ಬಹುಪಾಲು ಅದರ ಕೆಳಗೇ ಉಳಿಯುತ್ತವೆ. ಈ ವಿನಾಯಿತಿ ನನಗೆ ಸರಿಕಂಡಿಲ್ಲ. ಹದಿನೆಂಟು ಅಡಿಯ ಏರಿ ಒಡೆದರೂ ಕೆಳಗೆ ಮಲಗಿದ ಮನೆಯವರಿಗೆ ಅದೇ ಸಾವು.

ಹಾಗೆಂದು ಒಡೆಯರಿಗೆ ಹೊಣೆಯೇ ಇಲ್ಲ ಎಂದಲ್ಲ. ಇಂಗ್ಲೆಂಡಿನಲ್ಲಿ ಗಿರಣಿಯವರೊಬ್ಬರ ಖಾಸಗಿ ಕೆರೆಯ ನೀರು ಪಕ್ಕದವರ ಗಣಿಗೆ ನುಗ್ಗಿದ ಮೊಕದ್ದಮೆಯಲ್ಲಿ, ಅಪಾಯದ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ ಹೊಣೆ ಎಂದು 1868ರಲ್ಲೇ ತೀರ್ಪಾಯಿತು. ನಮ್ಮ ದಕ್ಷಿಣದ್ದೇ ಒಂದು ಪ್ರಕರಣವಿದೆ. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ನಷ್ಟವಾದಾಗ ಆಗ ನಮ್ಮ ದೇಶದ ಮೊಕದ್ದಮೆಗಳಿಗೆ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1874ರಲ್ಲಿ ಜಮೀನ್ದಾರರನ್ನು ಬಿಟ್ಟಿತು. ಬಿಟ್ಟದ್ದು ಅವು ಜನರ ಬದುಕಿಗೆ ಬೇಕಾದ, ಕಾಯ್ದುಕೊಳ್ಳಲೇಬೇಕಾದ ಹಳೆಯ ಕೆರೆಗಳು ಎಂಬ ಕಾರಣಕ್ಕೆ, ಅವರ ಕಡೆಯಿಂದ ನಿರ್ಲಕ್ಷ್ಯ ರುಜುವಾತಾಗಲಿಲ್ಲ ಎಂಬ ಕಾರಣಕ್ಕೆ. ಎಚ್ಚರಿಸಿದ ಮೇಲೂ ಸುಮ್ಮನಿದ್ದವರಿಗೆ ಆ ರಕ್ಷಣೆ ಸಿಗುವುದು ಕಷ್ಟ.

ಆದ್ದರಿಂದ ಬಾಯಿಮಾತು ಬಿಟ್ಟು ಕಾಗದದಲ್ಲಿ ಬರೆಯಿರಿ. ಬಿರುಕು ಏರಿಯ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ, ಎಷ್ಟು ಅಗಲ, ಯಾವ ದಿನ ನೋಡಿದಿರಿ ಎಂದು ಬರೆದು, ಅಳತೆಪಟ್ಟಿ ಇಟ್ಟು ತೆಗೆದ ಫೋಟೋ ಸೇರಿಸಿ, ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಂದಣಿ ಮಾಡಿಸಿ ಕಳಿಸಿ. ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಅಡ್ಡ ಬಿರುಕಾದರೆ ಹೆಚ್ಚು ಅವಸರ, ನೀರು ಅದರೊಳಗಿಂದ ನೇರ ದಾಟಬಲ್ಲದು. ಮಳೆಯ ರಾತ್ರಿ ಬಿರುಕು ಅಗಲವಾದರೆ ಅಥವಾ ಏರಿ ಕುಸಿದರೆ ಯಾರ ಒಪ್ಪಿಗೆಗೂ ಕಾಯದೆ ಮನೆ ಖಾಲಿ ಮಾಡಿ ಎತ್ತರಕ್ಕೆ ಹೋಗಿ, ಆಮೇಲೆ 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ. ನಿಮ್ಮ ಪತ್ರದ ಒಂದು ಪ್ರತಿ ನನಗೂ ಕಳಿಸಿ, ತಾಂತ್ರಿಕ ಭಾಗವನ್ನು ನೋಡಿ ತಿದ್ದಿಕೊಡುತ್ತೇನೆ.